ಕಲಿಕೆಯನ್ನೇ ಕಲಿಯಲು ಹೊರಟವರು

ಶಿಕ್ಷಕರ ಅರ್ಹತಾ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಗ್ರಂಥಾಲಯಗಳಲ್ಲಿ, ಹಾಸ್ಟೆಲ್ ಕೋಣೆಗಳಲ್ಲಿ, ಬಸ್ಸಿನ ಸೀಟುಗಳಲ್ಲಿ ಒಂದೇ ಪಟ್ಟಿ ಬಾಯಿಪಾಠವಾಗುತ್ತಿರುತ್ತದೆ. ಪಾವ್ಲೋವ್, ನಾಯಿ, ಶಾಸ್ತ್ರೀಯ ಅನುಬಂಧನ. ಥಾರ್ನ್‌ಡೈಕ್, ಬೆಕ್ಕು, ಪ್ರಯತ್ನ–ಪ್ರಮಾದ ಕಲಿಕೆ. ಸ್ಕಿನ್ನರ್, ಇಲಿ, ಕಾರ್ಯಸಾಧಕ ಅನುಬಂಧನ. ಕೊಹ್ಲರ್, ಚಿಂಪಾಂಜಿ, ಒಳನೋಟ ಕಲಿಕೆ. ಬಂಡೂರ, ಗೊಂಬೆ, ಸಾಮಾಜಿಕ ಕಲಿಕೆ. ಹೊಂದಿಸಿ ಬರೆಯುವ ಪ್ರಶ್ನೆಗೆ ಇಷ್ಟು ಸಾಕಾಗಬಹುದು. ಒಂದು ಸನ್ನಿವೇಶ ಕೊಟ್ಟು ‘ಇದು ಯಾವ ತತ್ವಕ್ಕೆ ಉದಾಹರಣೆ?’ ಎಂದು ಕೇಳಿದರೆ ಮಾತ್ರ ಪಟ್ಟಿ ಕೈಕೊಡುತ್ತದೆ.

ಈ ಹೆಸರುಗಳು ಒಂದರ ಪಕ್ಕ ಒಂದು ಸುಮ್ಮನೆ ಕೂತಿರುವ ಹೆಸರುಗಳಲ್ಲ. 1880ರ ಸುಮಾರಿಗೆ ಜರ್ಮನಿಯಲ್ಲಿ ಶುರುವಾಗಿ 1960ರ ದಶಕದ ಅಮೆರಿಕದವರೆಗೆ ನಡೆದ ಒಂದೇ ದೀರ್ಘ ವಾದದ ಪಾಲುದಾರರು ಅವರೆಲ್ಲ. ಒಬ್ಬರು ಬಿಟ್ಟ ಪ್ರಶ್ನೆಯನ್ನು ಇನ್ನೊಬ್ಬರು ಎತ್ತಿಕೊಂಡರು, ಒಬ್ಬರು ಅತಿಯಾಗಿ ಹೇಳಿದ್ದನ್ನು ಇನ್ನೊಬ್ಬರು ತಿದ್ದಿದರು. ಆ ವಾದದ ಎಳೆ ಕೈಗೆ ಸಿಕ್ಕರೆ ಪರಿಕಲ್ಪನೆಗಳು ತಾವಾಗಿ ಸಾಲುಗೂಡುತ್ತವೆ.

ಅರ್ಥವಿಲ್ಲದ್ದನ್ನು ಉರು ಹೊಡೆದವನು

1879ರಲ್ಲಿ ವಿಲ್ಹೆಲ್ಮ್ ವುಂಟ್ ಲೀಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ಆರಂಭಿಸಿದರು. ಅಲ್ಲಿಯವರೆಗೆ ಮನಸ್ಸು ತತ್ವಶಾಸ್ತ್ರದ ಸ್ವತ್ತಾಗಿತ್ತು. ವುಂಟ್ ಅದನ್ನು ಗಡಿಯಾರ, ಅಳತೆಗೋಲುಗಳ ನಡುವೆ ತಂದು ಕೂರಿಸಿದರು. ಅದಕ್ಕೇ ಅವರನ್ನು ಪ್ರಾಯೋಗಿಕ ಮನೋವಿಜ್ಞಾನದ ಪಿತಾಮಹ ಎನ್ನುವುದು. ಆದರೆ ಅವರ ಮಟ್ಟಿಗೆ ಪ್ರಯೋಗಕ್ಕೆ ಒಗ್ಗುವುದು ಸಂವೇದನೆ, ಗ್ರಹಿಕೆ, ಪ್ರತಿಕ್ರಿಯೆಯ ವೇಗ ಇಂಥವು ಮಾತ್ರ. ನೆನಪು, ಚಿಂತನೆಯಂಥ ಮೇಲ್ಮಟ್ಟದ ಕೆಲಸಗಳು ಪ್ರಯೋಗಾಲಯಕ್ಕೆ ಸಿಗುವುದಿಲ್ಲ ಎಂದು ಅವರು ನಂಬಿದ್ದರು.

ಅದೇ ವರ್ಷ, ಯಾವ ಪ್ರಯೋಗಾಲಯವೂ ಇಲ್ಲದೆ, ಇಪ್ಪತ್ತೊಂಬತ್ತು ವರ್ಷದ ಒಬ್ಬ ಯುವಕ ನೆನಪನ್ನು ಅಳೆಯಲು ಕೂತರು. ಹೆಸರು ಹರ್ಮನ್ ಎಬ್ಬಿಂಗ್‌ಹಾಸ್. ಸಂವೇದನೆಗಳನ್ನು ಗಣಿತದಲ್ಲಿ ಹಿಡಿಯಲು ಹೊರಟಿದ್ದ ಫೆಕ್ನರ್ ಅವರ ಪುಸ್ತಕವೊಂದು ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಅವರ ಕೈಗೆ ಸಿಕ್ಕಿತ್ತು. ಬೆಳಕನ್ನೂ ಭಾರವನ್ನೂ ಮನಸ್ಸು ಗ್ರಹಿಸುವ ಬಗೆಯನ್ನು ಅಳೆಯಬಹುದಾದರೆ ಮರೆವನ್ನೇಕೆ ಅಳೆಯಬಾರದು ಎನ್ನುವುದು ಅವರ ಪ್ರಶ್ನೆ.

ತೊಡಕಿದ್ದದ್ದು ಕಲಿಯುವ ಸಾಮಗ್ರಿಯಲ್ಲಿ. ಪದ್ಯವೋ ಗದ್ಯವೋ ಆದರೆ ಒಬ್ಬೊಬ್ಬರಿಗೆ ಒಂದೊಂದು ಸಾಲು ಮೊದಲೇ ಪರಿಚಿತವಾಗಿರುತ್ತದೆ. ಹಾಗಾಗಿ ಅವರು ಎರಡು ವ್ಯಂಜನಗಳ ನಡುವೆ ಒಂದು ಸ್ವರವಿಟ್ಟು ಸುಮಾರು 2,300 ಅರ್ಥಹೀನ ಉಚ್ಚಾರಾಂಶಗಳನ್ನು ಹೊಸೆದರು. ಗಡಿಯಾರದ ಟಿಕ್‌ಟಿಕ್‌ಗೆ ಸರಿಯಾಗಿ, ನಿಮಿಷಕ್ಕೆ 150ರ ವೇಗದಲ್ಲಿ, ಏರಿಳಿತವಿಲ್ಲದ ಒಂದೇ ದನಿಯಲ್ಲಿ ಅವನ್ನು ಓದುತ್ತಾ ಹೋದರು. ಪ್ರಯೋಗಕ್ಕೆ ಒಳಗಾದವರು ಒಬ್ಬರೇ, ಅದೂ ಅವರೇ. 1879–80ರಲ್ಲಿ ಒಮ್ಮೆ ಮಾಡಿ, 1883–84ರಲ್ಲಿ ಮತ್ತೆ ಮಾಡಿ ತಾಳೆ ನೋಡಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು.

ಅವರ ಅಳತೆಯ ಉಪಾಯ ಸರಳವಾಗಿತ್ತು. ಒಮ್ಮೆ ಕಲಿತ ಸಾಲನ್ನು ಕೆಲಕಾಲದ ನಂತರ ಮತ್ತೆ ಕಲಿಯುವುದು. ಎರಡನೇ ಸಲ ಎಷ್ಟು ಸಮಯ ಉಳಿಯಿತೋ ಅಷ್ಟು ನೆನಪು ಒಳಗೆ ಉಳಿದಿತ್ತೆಂದು ಲೆಕ್ಕ. ಇದೇ ಉಳಿತಾಯ ವಿಧಾನ. 20 ನಿಮಿಷ ಕಳೆದಾಗ ಉಳಿತಾಯ ಶೇ 58, ಒಂದು ಗಂಟೆಗೆ ಶೇ 44, ಒಂದು ದಿನಕ್ಕೆ ಶೇ 34, ಆರು ದಿನಕ್ಕೆ ಶೇ 25. ಒಂದು ತಿಂಗಳಾದ ಮೇಲೂ ಶೇ 21 ಉಳಿದಿತ್ತು. ಮರೆವು ಮೊದಲ ಗಂಟೆಯಲ್ಲೇ ಧುಮುಕಿ, ಆಮೇಲೆ ನಿಧಾನವಾಗುತ್ತದೆ. ಮರೆವಿನ ರೇಖೆ ಎಂದು ಪುಸ್ತಕದಲ್ಲಿ ಕಾಣುವ ಇಳಿಜಾರು ಗೆರೆ ಇದೇ.

ವಿದ್ಯಾರ್ಥಿಗಳಿಗೆ ಅದಕ್ಕಿಂತ ಬೆಲೆಬಾಳುವ ಮಾತು ಆ ಪುಸ್ತಕದಲ್ಲೇ ಇನ್ನೆರಡಿವೆ. ಒಂದು ಸಾಲನ್ನು ಒಂದೇ ದಿನ 68 ಸಲ ಓದಿದಾಗ ಬಂದ ಫಲ, ಮೂರು ದಿನಗಳಿಗೆ ಹಂಚಿ 38 ಸಲ ಓದಿದಾಗಲೇ ಬಂದಿತ್ತು. ಬಿಡುವು ಕೊಟ್ಟು ಓದುವುದರ ಲಾಭಕ್ಕೆ ಸಿಕ್ಕ ಮೊದಲ ಅಂಕಿ ಇದು. ಎರಡನೆಯದು, ಬೈರನ್ ಕವಿಯ ಪದ್ಯಗಳನ್ನು ಕಲಿಯಲು ಅವರಿಗೆ ಹಿಡಿದ ಶ್ರಮ, ಅಷ್ಟೇ ಉದ್ದದ ಅರ್ಥಹೀನ ಸಾಲುಗಳಿಗೆ ಹಿಡಿದದ್ದರ ಹತ್ತನೇ ಒಂದು ಪಾಲು. ಅರ್ಥ, ಲಯ, ಪ್ರಾಸಗಳು ಕೂಡಿ ಒಂಬತ್ತು ಪಾಲು ಶ್ರಮವನ್ನು ಉಳಿಸುತ್ತವೆ.

ಪೆಟ್ಟಿಗೆಯೊಳಗಿನ ಬೆಕ್ಕು

ಎಬ್ಬಿಂಗ್‌ಹಾಸ್ ಉಳಿದದ್ದನ್ನು ಅಳೆದರು. ಕಲಿಕೆ ಉಂಟಾಗುವುದು ಹೇಗೆ ಎಂಬ ಪ್ರಶ್ನೆ ಹಾಗೇ ಇತ್ತು. ಅದಕ್ಕೆ ಕೈಹಾಕಿದವರು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್. ಹಾರ್ವರ್ಡ್‌ನಲ್ಲಿ ವಿಲಿಯಂ ಜೇಮ್ಸ್ ಅವರ ಶಿಷ್ಯರಾಗಿದ್ದಾಗ ಅವರು ಕೋಳಿಮರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಬಾಡಿಗೆ ಮನೆಯೊಡತಿ ಕೋಳಿಗಳನ್ನು ಒಪ್ಪಲಿಲ್ಲ. ಜೇಮ್ಸ್ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಜಾಗ ಕೊಟ್ಟರು. ಮುಂದೆ ಥಾರ್ನ್‌ಡೈಕ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಮರದ ಹಲಗೆಗಳಿಂದ ಪೆಟ್ಟಿಗೆಗಳನ್ನು ಮಾಡಿ, ಹಸಿದ ಬೆಕ್ಕುಗಳನ್ನು ಒಳಗಿಟ್ಟು, ಹೊರಗೆ ಆಹಾರವಿಟ್ಟರು.

ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಸಂದಿಯಲ್ಲಿ ಪಂಜ ತೂರಿಸುತ್ತದೆ. ಆ ರಂಪದಲ್ಲಿ ಎಲ್ಲೋ ಒಮ್ಮೆ ಕಾಲು ದಾರಕ್ಕೆ ತಗುಲಿ ಬಾಗಿಲು ತೆರೆದುಕೊಳ್ಳುತ್ತದೆ. ಮುಂದಿನ ಸಲ ಸ್ವಲ್ಪ ಬೇಗ, ಅದರ ಮುಂದಿನ ಸಲ ಇನ್ನೂ ಬೇಗ. ಥಾರ್ನ್‌ಡೈಕ್ ಪ್ರತಿ ಸಲದ ಸಮಯ ಬರೆದಿಟ್ಟರು. ಬೆಕ್ಕಿಗೆ ಉಪಾಯ ಫಕ್ಕನೆ ಹೊಳೆದಿದ್ದರೆ ರೇಖೆ ಒಮ್ಮೆಗೇ ಕುಸಿಯಬೇಕಿತ್ತು. ಅದು ಮೆಟ್ಟಿಲುಮೆಟ್ಟಿಲಾಗಿ ಇಳಿಯಿತು. ಕಲಿಕೆಯೆಂದರೆ ಪ್ರಚೋದನೆಗೂ ಪ್ರತಿಕ್ರಿಯೆಗೂ ನಡುವೆ ನಿಧಾನವಾಗಿ ಗಟ್ಟಿಯಾಗುವ ಬಂಧ ಎಂದು 1898ರ ತಮ್ಮ ಪ್ರಬಂಧದಲ್ಲಿ ವಾದಿಸಿದರು. ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಎಂಬ ಮೂರು ನಿಯಮಗಳು ಈ ಬೇರಿನಿಂದಲೇ ಹೊರಟವು.

ಥಾರ್ನ್‌ಡೈಕ್ ತಮ್ಮ ನಿಯಮಗಳನ್ನು ತಾವೇ ತಿದ್ದಿದ ಸಂಗತಿಯನ್ನು ಮಾರ್ಗದರ್ಶಿ ಪುಸ್ತಕಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಜನರಿಗೆ ಕಣ್ಣುಮುಚ್ಚಿ ನಾಲ್ಕು ಅಂಗುಲದ ಗೆರೆ ಎಳೆಯಲು ಹೇಳಿದರು. ಗೆರೆ ಸರಿಯಾಯಿತೋ ಇಲ್ಲವೋ ಎಂದು ಹೇಳದಿದ್ದಾಗ, ಎಷ್ಟು ಸಲ ಎಳೆದರೂ ಸುಧಾರಣೆ ಕಾಣಲಿಲ್ಲ. ಬರೀ ಅಭ್ಯಾಸದಿಂದ ಕಲಿಕೆಯಾಗದು, ಪರಿಣಾಮ ತಿಳಿಯಬೇಕು ಎಂದು 1930ರ ಹೊತ್ತಿಗೆ ಒಪ್ಪಿಕೊಂಡರು. ಬಹುಮಾನ ಬಂಧವನ್ನು ಬಲಪಡಿಸಿದಷ್ಟು ಶಿಕ್ಷೆ ಅದನ್ನು ಸಡಿಲಿಸುವುದಿಲ್ಲ ಎಂಬ ತೀರ್ಮಾನಕ್ಕೂ ಬಂದರು. ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿ ಉತ್ತರ ತಾಳೆ ನೋಡದೆ ಮುಚ್ಚಿಡುವವರು ಕಣ್ಣುಮುಚ್ಚಿ ಗೆರೆ ಎಳೆಯುತ್ತಿದ್ದಾರೆ.

ಸೇಂಟ್ ಪೀಟರ್ಸ್‌ಬರ್ಗಿನ ನಾಯಿಗಳು

ಅದೇ ಕಾಲಕ್ಕೆ ರಷ್ಯಾದಲ್ಲಿ, ಮನೋವಿಜ್ಞಾನದ ಗೊಡವೆಯೇ ಬೇಡ ಎನ್ನುತ್ತಿದ್ದ ಶರೀರಶಾಸ್ತ್ರಜ್ಞರೊಬ್ಬರು ಅದರ ಅತಿ ಹೆಸರುವಾಸಿ ಪರಿಕಲ್ಪನೆಯ ಹತ್ತಿರ ಬರುತ್ತಿದ್ದರು. ಐವಾನ್ ಪಾವ್ಲೋವ್ ಹುಟ್ಟಿದ್ದು 1849ರಲ್ಲಿ, ರಿಯಾಜಾನ್ ಪಟ್ಟಣದ ಪಾದ್ರಿಯ ಮನೆಯಲ್ಲಿ. ತಾವೂ ಪಾದ್ರಿಯಾಗಲು ಓದುತ್ತಿದ್ದವರು ಅದನ್ನು ಬಿಟ್ಟು ವಿಜ್ಞಾನಕ್ಕೆ ಬಂದರು. 1891ರಿಂದ ಸೇಂಟ್ ಪೀಟರ್ಸ್‌ಬರ್ಗಿನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗದ ಹೊಣೆ ಅವರದಾಯಿತು. ಕೆಲಸ ಜೀರ್ಣಕ್ರಿಯೆಯ ಮೇಲೆ. 1904ರಲ್ಲಿ ನೊಬೆಲ್ ಬಂದದ್ದೂ ಜೀರ್ಣಕ್ರಿಯೆಯ ಸಂಶೋಧನೆಗೇ. ಅನುಬಂಧನಕ್ಕೆ ನೊಬೆಲ್ ಬಂತೆಂದು ಬರೆದು ಅಂಕ ಕಳೆದುಕೊಳ್ಳುವವರಿದ್ದಾರೆ.

ಪಾವ್ಲೋವ್ ನಾಯಿಯ ಜೊಲ್ಲಿನ ನಾಳವನ್ನು ಶಸ್ತ್ರಚಿಕಿತ್ಸೆಯಿಂದ ಕೆನ್ನೆಯ ಹೊರಕ್ಕೆ ತಿರುಗಿಸುತ್ತಿದ್ದರು. ಜೊಲ್ಲು ಬಾಯಿಗೆ ಹೋಗದೆ ಹೊರಗಿನ ಗಾಜಿನ ಪಾತ್ರೆಗೆ ಬೀಳುತ್ತಿತ್ತು, ಹನಿ ಹನಿ ಎಣಿಸಬಹುದಿತ್ತು. ಯಾವ ಆಹಾರಕ್ಕೆ ಎಷ್ಟು ಜೊಲ್ಲು ಎಂಬ ಲೆಕ್ಕ ಮಾತ್ರ ಪದೇಪದೇ ಹಾಳಾಗುತ್ತಿತ್ತು. ಆಹಾರ ಬಾಯಿಗೆ ಬೀಳುವ ಮೊದಲೇ, ತಟ್ಟೆ ಕಂಡರೆ, ಊಟ ಹಾಕುವವನು ಕಂಡರೆ ನಾಯಿ ಜೊಲ್ಲು ಸುರಿಸುತ್ತಿತ್ತು. ನಾಯಿಗೆ ಆಸೆಯಾಗಿದೆ, ನೆನಪಾಗಿದೆ ಎಂಬ ವಿವರಣೆಗಳು ಸಹಾಯಕರಿಂದ ಬಂದವು. ಪಾವ್ಲೋವ್ ಅವನ್ನು ತಳ್ಳಿಹಾಕಿದರು. ನಾಯಿಯ ಒಳಮನಸ್ಸು ನಮಗೆ ಕಾಣದು, ಹನಿ ಕಾಣುತ್ತದೆ. ಹಾಗಾದರೆ ಹನಿಯನ್ನೇ ಹಿಡಿದು ಹೋಗೋಣ ಎಂದು ಪ್ರಯೋಗ ಕೆಡಿಸುತ್ತಿದ್ದ ತೊಂದರೆಯನ್ನೇ ಪ್ರಯೋಗದ ವಿಷಯ ಮಾಡಿಕೊಂಡರು. 1903ರಲ್ಲಿ ಮ್ಯಾಡ್ರಿಡ್‌ನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಜಗತ್ತಿನ ಮುಂದೆ ಇಟ್ಟದ್ದು ಈ ಹೊಸ ದಾರಿಯನ್ನು.

ಆಹಾರಕ್ಕೆ ಜೊಲ್ಲು ಬರುವುದು ಹುಟ್ಟುಗುಣ. ಆಹಾರ ಸ್ವಾಭಾವಿಕ ಪ್ರಚೋದನೆ, ಜೊಲ್ಲು ಸ್ವಾಭಾವಿಕ ಪ್ರತಿಕ್ರಿಯೆ. ತಾಳಮಾಪಕದ ಸದ್ದಿಗೆ ಮೊದಲು ಜೊಲ್ಲು ಬರುವುದಿಲ್ಲ, ಅದು ತಟಸ್ಥ. ಸದ್ದು ಕೇಳಿಸಿದ ಕೂಡಲೇ ಆಹಾರ ಕೊಡುವುದನ್ನು ಹಲವು ಸಲ ಮಾಡಿದರೆ ಸದ್ದೊಂದಕ್ಕೇ ಜೊಲ್ಲು ಬರತೊಡಗುತ್ತದೆ. ಈಗ ಸದ್ದು ಅನುಬಂಧಿತ ಪ್ರಚೋದನೆ, ಅದಕ್ಕೆ ಬಂದ ಜೊಲ್ಲು ಅನುಬಂಧಿತ ಪ್ರತಿಕ್ರಿಯೆ. ಎಲ್ಲ ಪುಸ್ತಕಗಳಲ್ಲೂ ಗಂಟೆಯ ಚಿತ್ರವೇ ಇದ್ದರೂ ಆ ಪ್ರಯೋಗಾಲಯದಲ್ಲಿ ತಾಳಮಾಪಕ, ಬಜರ್, ದೀಪ, ಚರ್ಮದ ಮೇಲಿನ ಸ್ಪರ್ಶ ಇವೆಲ್ಲ ಬಳಕೆಯಾದವು. ಸದ್ದು ಕೇಳಿಸುತ್ತಲೇ ಇದ್ದು ಆಹಾರ ಬರದೇ ಹೋದರೆ ಜೊಲ್ಲು ಕ್ರಮೇಣ ನಿಲ್ಲುತ್ತದೆ, ಅದು ನಶಿಸುವಿಕೆ. ಕೆಲಕಾಲ ಬಿಟ್ಟು ಮತ್ತೆ ಸದ್ದು ಮಾಡಿದರೆ ಸ್ವಲ್ಪ ಜೊಲ್ಲು ಮರಳುತ್ತದೆ, ಅದು ಸ್ವಯಂ ಚೇತರಿಕೆ. ಹೋಲುವ ಸದ್ದಿಗೂ ಜೊಲ್ಲು ಬಂದರೆ ಸಾಮಾನ್ಯೀಕರಣ. ಒಂದಕ್ಕೆ ಬಂದು ಇನ್ನೊಂದಕ್ಕೆ ಬರದಿದ್ದರೆ ವಿಭೇದೀಕರಣ.

ವಿಭೇದೀಕರಣಕ್ಕೂ ಮಿತಿಯಿದೆ ಎಂದು ಪಾವ್ಲೋವ್ ಅವರ ಸಹೋದ್ಯೋಗಿ ಶೆಂಗರ್–ಕ್ರೆಸ್ಟೋವ್ನಿಕೋವಾ ಕಂಡುಕೊಂಡರು. ವೃತ್ತ ತೋರಿಸಿದಾಗ ಆಹಾರ, ಅಂಡಾಕೃತಿ ತೋರಿಸಿದಾಗ ಇಲ್ಲ. ನಾಯಿ ಭೇದವನ್ನು ಸಲೀಸಾಗಿ ಕಲಿಯಿತು. ಆಮೇಲೆ ಅಂಡಾಕೃತಿಯನ್ನು ದಿನದಿಂದ ದಿನಕ್ಕೆ ದುಂಡಗೆ ಮಾಡುತ್ತಾ ಬಂದರು. ಅದರ ಉದ್ದಗಲ 9ಕ್ಕೆ 8ರ ಪ್ರಮಾಣಕ್ಕೆ ಬಂದಾಗ ನಾಯಿ ಕೆಟ್ಟಿತು. ಅಲ್ಲಿಯವರೆಗೆ ಶಾಂತವಾಗಿದ್ದ ಪ್ರಾಣಿ ಕಿರುಚಿ, ಒದ್ದಾಡಿ, ಉಪಕರಣಗಳನ್ನು ಹಲ್ಲಿನಿಂದ ಕಿತ್ತಿತು. ಮೊದಲು ಗೊತ್ತಿದ್ದ ಸುಲಭದ ಭೇದವೂ ಅದಕ್ಕೆ ತಪ್ಪಿಹೋಯಿತು. ಪಾವ್ಲೋವ್ ಇದನ್ನು ಪ್ರಾಯೋಗಿಕ ನರದೌರ್ಬಲ್ಯವೆಂದು ಗುರುತಿಸಿದರು.

1924ರ ಸೆಪ್ಟೆಂಬರ್ 23ರಂದು, ಅಷ್ಟರಲ್ಲಿ ಲೆನಿನ್‌ಗ್ರಾಡ್ ಆಗಿದ್ದ ಆ ನಗರಕ್ಕೆ ನೆವಾ ನದಿಯ ಪ್ರವಾಹ ನುಗ್ಗಿತು. ಗೂಡುಗಳಲ್ಲಿದ್ದ ನಾಯಿಗಳ ಸುತ್ತ ನೀರು ಏರಿತು. ಸಿಬ್ಬಂದಿ ಅವನ್ನು ಹೊರಗೆಳೆದು, ನೀರಿನಲ್ಲಿ ಈಜಿಸಿಕೊಂಡು ಪ್ರಯೋಗಾಲಯದ ಕಟ್ಟಡಕ್ಕೆ ತಂದರು. ನಾಯಿಗಳು ಬದುಕಿದವು, ಆದರೆ ಕೆಲವು ವರ್ಷಗಟ್ಟಲೆ ಕಲಿತದ್ದನ್ನು ಕಳೆದುಕೊಂಡಿದ್ದವು. ಒಂದು ನಾಯಿಗೆ ತಾಳ್ಮೆಯಿಂದ ಎಲ್ಲವನ್ನೂ ಮತ್ತೆ ಕಲಿಸಿದ ಮೇಲೆ, ಬಾಗಿಲ ಕೆಳಗಿನಿಂದ ಸಣ್ಣಗೆ ನೀರು ಹರಿಸಿ ನೋಡಿದರು. ಅಷ್ಟಕ್ಕೇ ಅದು ಮತ್ತೆ ಕುಸಿಯಿತು. ಭಯ ಕಲಿಕೆಗೆ ಏನು ಮಾಡುತ್ತದೆ ಎಂಬುದಕ್ಕೆ ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ದಾಖಲೆಯನ್ನು ನಾನು ಓದಿಲ್ಲ.

ಮಗುವಿಗೆ ಭಯ ಕಲಿಸಿದ ಪ್ರಯೋಗ

ಅಮೆರಿಕದಲ್ಲಿ ಜಾನ್ ವಾಟ್ಸನ್ 1913ರಲ್ಲಿ ಕೊಲಂಬಿಯಾದ ಉಪನ್ಯಾಸವೊಂದರಲ್ಲಿ ವರ್ತನಾವಾದದ ಘೋಷಣೆ ಮಾಡಿದರು. ಅಂತರಾವಲೋಕನ ಸಾಕು, ಮನಸ್ಸು, ಪ್ರಜ್ಞೆ ಎಂಬ ಮಾತೇ ಬೇಡ, ಕಣ್ಣಿಗೆ ಕಾಣುವ ವರ್ತನೆಯನ್ನು ಅಧ್ಯಯನ ಮಾಡೋಣ ಎಂಬುದು ಅವರ ನಿಲುವು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅವರು ರೊಸಾಲಿ ರೇನರ್ ಜೊತೆ ನಡೆಸಿ 1920ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರತಿ ಪಠ್ಯದಲ್ಲೂ ಇದೆ. ಆಲ್ಬರ್ಟ್ ಎಂಬ ಹೆಸರಿನಲ್ಲಿ ದಾಖಲಾದ, ಹನ್ನೊಂದು ತಿಂಗಳ ಮಗು. ಬಿಳಿ ಇಲಿಯನ್ನು ಕಂಡರೆ ಅದಕ್ಕೆ ಹೆದರಿಕೆಯಿರಲಿಲ್ಲ. ಮಗು ಇಲಿಯತ್ತ ಕೈ ಚಾಚಿದಾಗ ಅದರ ತಲೆಯ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಒಂದು ವಾರದ ಅಂತರದಲ್ಲಿ ಏಳು ಸಲ ಹೀಗೆ ಮಾಡಿದ ಮೇಲೆ ಸದ್ದಿಲ್ಲದೆ ಇಲಿಯೊಂದನ್ನೇ ಕಂಡರೂ ಮಗು ಅಳುತ್ತಾ ತೆವಳಿ ದೂರ ಸರಿಯಿತು. ಮೊಲ, ನಾಯಿ, ತುಪ್ಪಳದ ಕೋಟು ಕಂಡರೂ ಅದೇ ಹೆದರಿಕೆ.

ಶಾಸ್ತ್ರೀಯ ಅನುಬಂಧನ, ಸಾಮಾನ್ಯೀಕರಣ ಎರಡಕ್ಕೂ ಇದು ಪಠ್ಯದ ಉದಾಹರಣೆ. ಆದರೆ ಕಲಿಸಿದ ಭಯವನ್ನು ತೆಗೆಯದೆಯೇ ಮಗುವನ್ನು ಕಳುಹಿಸಿಬಿಡಲಾಯಿತು. ಇವತ್ತು ಯಾವ ಸಂಶೋಧನಾ ಸಮಿತಿಯೂ ಇದಕ್ಕೆ ಅನುಮತಿ ಕೊಡದು. ಕೊಡಲೂಬಾರದು. ಈ ಪ್ರಯೋಗದ ಹೆಸರು ಬರೆಯುವ ಕಡೆಯಲ್ಲೆಲ್ಲ ಮೇರಿ ಕವರ್ ಜೋನ್ಸ್ ಹೆಸರನ್ನೂ ಬರೆಯಬೇಕು. 1924ರಲ್ಲಿ ಅವರು ಪೀಟರ್ ಎಂಬ ಹೆಸರಿನಲ್ಲಿ ದಾಖಲಾದ, ಮೂರು ವರ್ಷ ತುಂಬುತ್ತಿದ್ದ ಮಗುವಿನ ಮೊಲದ ಭಯವನ್ನು ತೆಗೆದರು. ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ಅಂತರವನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬಂದರು. ಕಡೆಗೆ ಮಗು ಮೊಲವನ್ನು ಸವರಿತು. ಭಯ ಕಲಿಯುವಂಥದ್ದಾದರೆ ಭಯ ಬಿಡುವುದನ್ನೂ ಕಲಿಯಬಹುದು ಎಂದು ತೋರಿಸಿದ ಈ ಕೆಲಸ ಮುಂದಿನ ವರ್ತನಾ ಚಿಕಿತ್ಸೆಗೆ ಬುನಾದಿ.

ದ್ವೀಪದಿಂದ ಬಂದ ಆಕ್ಷೇಪ

ಎಲ್ಲವೂ ಪ್ರಚೋದನೆ–ಪ್ರತಿಕ್ರಿಯೆಯ ಬಂಧವೇ ಎಂಬ ಮಾತಿಗೆ ಗಟ್ಟಿಯಾದ ಆಕ್ಷೇಪ ಅಟ್ಲಾಂಟಿಕ್ ಸಾಗರದ ಟೆನೆರಿಫ್ ದ್ವೀಪದಿಂದ ಬಂತು. ಜರ್ಮನಿಯ ವೋಲ್ಫ್‌ಗಾಂಗ್ ಕೊಹ್ಲರ್ 1913ರ ಕೊನೆಗೆ ಅಲ್ಲಿನ ವಾನರ ಸಂಶೋಧನಾ ಕೇಂದ್ರಕ್ಕೆ ಹೋದರು. ಮೊದಲ ಮಹಾಯುದ್ಧ ಶುರುವಾಗಿ 1920ರವರೆಗೆ ಅಲ್ಲೇ ಉಳಿಯಬೇಕಾಯಿತು. ಸುಲ್ತಾನ್ ಎಂಬ ಚಿಂಪಾಂಜಿಗೆ ಪಂಜರದ ಹೊರಗಿನ ಹಣ್ಣು ಎಟುಕದಷ್ಟು ದೂರದಲ್ಲಿತ್ತು. ಒಳಗಿದ್ದ ಎರಡು ಬಿದಿರಿನ ಕೋಲುಗಳಲ್ಲಿ ಯಾವುದೂ ಅಷ್ಟು ಉದ್ದವಿರಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಹೆಣಗಿ ಸುಲ್ತಾನ್ ಕೈಚೆಲ್ಲಿತು. ಆಮೇಲೆ ಕೋಲುಗಳೊಂದಿಗೆ ಆಡುತ್ತಾ ಕೂತಿದ್ದಾಗ ಅವು ಒಂದೇ ನೇರಕ್ಕೆ ಬಂದವು. ತೆಳ್ಳಗಿನದನ್ನು ದಪ್ಪ ಕೋಲಿನ ತೂತಿಗೆ ತೂರಿಸಿ, ಕಂಬಿಗಳತ್ತ ಓಡಿ ಹಣ್ಣನ್ನು ಎಳೆದುಕೊಂಡಿತು.

ಇಲ್ಲಿ ರೇಖೆ ಮೆಟ್ಟಿಲುಮೆಟ್ಟಿಲಾಗಿ ಇಳಿಯಲಿಲ್ಲ, ಒಮ್ಮೆಗೇ ಬಿತ್ತು. ಸನ್ನಿವೇಶದ ಬಿಡಿಭಾಗಗಳ ಸಂಬಂಧ ಒಂದೇ ನೋಟಕ್ಕೆ ಹೊಳೆಯುವ ಇದನ್ನೇ ಒಳನೋಟ ಕಲಿಕೆ ಎನ್ನುವುದು. ಇಡಿಯಾಗಿ ಕಾಣುವುದು ಬಿಡಿಗಳ ಮೊತ್ತಕ್ಕಿಂತ ಬೇರೆ ಎನ್ನುವ ಗೆಸ್ಟಾಲ್ಟ್ ಪಂಥಕ್ಕೆ ಸುಲ್ತಾನ್ ದೊಡ್ಡ ಸಾಕ್ಷಿಯಾಯಿತು. ಥಾರ್ನ್‌ಡೈಕರ ಪೆಟ್ಟಿಗೆಯಲ್ಲಿ ಬೆಕ್ಕಿಗೆ ಬೀಗದ ವ್ಯವಸ್ಥೆ ಇಡಿಯಾಗಿ ಕಾಣುತ್ತಲೇ ಇರಲಿಲ್ಲ. ಕಾಣದ್ದು ಹೊಳೆಯುವುದು ಹೇಗೆ ಎಂಬುದು ಕೊಹ್ಲರ್ ಕೇಳಿದ ನ್ಯಾಯವಾದ ಪ್ರಶ್ನೆ.

ಲೀಪ್‌ಜಿಗ್‌ನಿಂದ ಮೈಸೂರಿಗೆ

ಈ ವಾದ ಜೋರಾಗಿ ನಡೆಯುತ್ತಿದ್ದ ವರ್ಷಗಳಲ್ಲೇ ಹೊಸ ವಿಜ್ಞಾನ ಕನ್ನಡನಾಡಿಗೂ ಬಂತು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ರೂಪಿಸಿದ್ದ ಬ್ರಜೇಂದ್ರನಾಥ ಸೀಲ್ 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್, ಬುದ್ಧಿಶಕ್ತಿಯ ದ್ವಿಅಂಶ ಸಿದ್ಧಾಂತದ ಕರ್ತೃ. ಆ ಸ್ಪಿಯರ್‌ಮನ್ ಡಾಕ್ಟರೇಟ್ ಪಡೆದದ್ದು ಲೀಪ್‌ಜಿಗ್‌ನಲ್ಲಿ, ವುಂಟ್ ಅವರ ಬಳಿ. ಜಗತ್ತಿನ ಮೊದಲ ಮನೋವಿಜ್ಞಾನ ಪ್ರಯೋಗಾಲಯಕ್ಕೂ ಮೈಸೂರಿಗೂ ನಡುವೆ ಇದ್ದದ್ದು ಎರಡೇ ತಲೆಮಾರು.

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ‘ಆಕಾಶವಾಣಿ’ ಎಂಬ ಹೆಸರನ್ನು ಪ್ರಸಿದ್ಧಗೊಳಿಸಿದವರೂ ಇದೇ ಗೋಪಾಲಸ್ವಾಮಿ. ಆಕಾಶವಾಣಿಯ ಪ್ರಶ್ನೆಗೆ ಅವರ ಹೆಸರು ಥಟ್ಟನೆ ಬರೆಯುವ ನಮ್ಮ ಅಭ್ಯರ್ಥಿಗಳು ಅವರನ್ನು ತಾವು ಓದುತ್ತಿರುವ ಶಾಸ್ತ್ರದ ಹಿರಿಯರೆಂದೂ ತಿಳಿದಿರಬೇಕು.

ಶನಿವಾರದ ಲೆಕ್ಕ

ಕಾದಂಬರಿಕಾರನಾಗಬೇಕೆಂದು ಹೊರಟು, ಅದು ಕೈಹತ್ತದೆ 1928ರಲ್ಲಿ ಹಾರ್ವರ್ಡ್ ಸೇರಿದವರು ಬಿ.ಎಫ್. ಸ್ಕಿನ್ನರ್. ಪಾವ್ಲೋವ್ ಅವರ ನಾಯಿ ತಾನಾಗಿ ಏನೂ ಮಾಡುವುದಿಲ್ಲ, ಸದ್ದಿಗೆ ಪ್ರತಿಕ್ರಿಯಿಸುತ್ತದೆ ಅಷ್ಟೆ. ಬದುಕಿನಲ್ಲಿ ಪ್ರಾಣಿಯೂ ಮನುಷ್ಯನೂ ಮೊದಲು ಏನೋ ಮಾಡುತ್ತಾರೆ, ಅದಕ್ಕೊಂದು ಫಲ ಬರುತ್ತದೆ, ಆ ಫಲ ಮುಂದಿನ ವರ್ತನೆಯನ್ನು ತಿದ್ದುತ್ತದೆ. ಸ್ಕಿನ್ನರ್ ಇದನ್ನು ಹಿಡಿಯಲು ಒಂದು ಪೆಟ್ಟಿಗೆ ಮಾಡಿದರು. ಇಲಿ ಸನ್ನೆಯನ್ನು ಒತ್ತಿದರೆ ಆಹಾರದ ಗುಳಿಗೆ ಬೀಳುತ್ತದೆ, ಪ್ರತಿ ಒತ್ತೂ ಕಾಗದದ ಮೇಲೆ ರೇಖೆಯಾಗಿ ಮೂಡುತ್ತದೆ.

ಅವರ ಎರಡು ಮುಖ್ಯ ಶೋಧಗಳು ಅಡಚಣೆಯಿಂದಲೇ ಬಂದವು. ಒಂದು ದಿನ ಗುಳಿಗೆ ಬೀಳಿಸುವ ಯಂತ್ರ ಸಿಕ್ಕಿಹಾಕಿಕೊಂಡಿತು. ಇಲಿ ಒತ್ತುತ್ತಲೇ ಹೋಗಿ, ಕ್ರಮೇಣ ನಿಲ್ಲಿಸಿತು. ಕಾಗದದ ಮೇಲೆ ನಶಿಸುವಿಕೆಯ ಸುಂದರ ರೇಖೆ ಮೂಡಿತ್ತು. ಎರಡನೆಯದು ಒಂದು ಶನಿವಾರ ಮಧ್ಯಾಹ್ನದ ಸಂಗತಿ. ಗುಳಿಗೆಗಳನ್ನು ಅವರೇ ಕೈಯಾರೆ ತಯಾರಿಸುತ್ತಿದ್ದರು. ಎಂಟು ಇಲಿಗಳು ದಿನಕ್ಕೆ ತಲಾ ನೂರು ಗುಳಿಗೆ ತಿನ್ನುತ್ತಿದ್ದವು. ಲೆಕ್ಕ ಹಾಕಿದರೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ದಾಸ್ತಾನು ಮುಗಿಯುತ್ತಿತ್ತು. ಪ್ರತಿ ಒತ್ತಿಗೂ ಗುಳಿಗೆ ಕೊಡುವುದೇಕೆ, ನಿಮಿಷಕ್ಕೊಂದು ಕೊಟ್ಟರಾಯಿತಲ್ಲ ಎಂದು ಯೋಚಿಸಿ ಹಾಗೇ ಮಾಡಿದರು. ಇಲಿ ಒತ್ತುವುದನ್ನು ಬಿಡಲಿಲ್ಲ, ಒಂದೇ ಹದದಲ್ಲಿ ಒತ್ತುತ್ತಾ ಹೋಯಿತು. ಪುನರ್ಬಲನದ ಅನುಸೂಚಿಗಳು ಹುಟ್ಟಿದ್ದು ಹೀಗೆ. ಆಗಾಗ ಮಾತ್ರ ಸಿಗುವ ಬಹುಮಾನದಿಂದ ಕಲಿತ ವರ್ತನೆ, ಸದಾ ಸಿಗುವ ಬಹುಮಾನದಿಂದ ಕಲಿತದ್ದಕ್ಕಿಂತ ಗಟ್ಟಿ, ಬೇಗ ನಶಿಸದು. 1938ರಲ್ಲಿ ಅವರ ಮೊದಲ ಗ್ರಂಥ ಬಂತು.

ಪರೀಕ್ಷೆಯಲ್ಲಿ ಅತಿ ಹೆಚ್ಚು ಜನ ಎಡವುವ ಜಾಗವೂ ಇಲ್ಲೇ ಇದೆ. ಋಣಾತ್ಮಕ ಪುನರ್ಬಲನವನ್ನು ಶಿಕ್ಷೆಯೆಂದು ಬರೆದುಬಿಡುತ್ತಾರೆ. ಪುನರ್ಬಲನ ಯಾವ ಬಗೆಯದಾದರೂ ವರ್ತನೆಯನ್ನು ಹೆಚ್ಚಿಸುತ್ತದೆ. ಹಿತವಾದದ್ದು ಸೇರಿ ವರ್ತನೆ ಹೆಚ್ಚಿದರೆ ಧನಾತ್ಮಕ, ಅಹಿತವಾದದ್ದು ತೊಲಗಿ ವರ್ತನೆ ಹೆಚ್ಚಿದರೆ ಋಣಾತ್ಮಕ. ಮನೆಗೆಲಸ ಮುಗಿಸಿ ತಂದರೆ ಹೆಚ್ಚುವರಿ ಲೆಕ್ಕಗಳಿಂದ ಬಿಡುವು ಎಂದಾಗ ಮಗು ಮನೆಗೆಲಸ ಮಾಡತೊಡಗಿದರೆ ಅದು ಋಣಾತ್ಮಕ ಪುನರ್ಬಲನ. ಶಿಕ್ಷೆ ವರ್ತನೆಯನ್ನು ತಗ್ಗಿಸಲು ಕೊಡುವಂಥದ್ದು. ಅದು ವರ್ತನೆಯನ್ನು ಕೆಲಹೊತ್ತು ಅದುಮಿಡುತ್ತದೆ, ಬದಲಿಗೆ ಏನು ಮಾಡಬೇಕೆಂದು ಕಲಿಸುವುದಿಲ್ಲ ಎಂದು ಸ್ಕಿನ್ನರ್ ಕಡೆಯವರೆಗೂ ಹೇಳಿದರು.

1953ರ ನವೆಂಬರಿನಲ್ಲಿ ಅವರು ಮಗಳ ನಾಲ್ಕನೇ ತರಗತಿಯ ಗಣಿತ ಪಾಠ ನೋಡಲು ಹೋದರು. ಕೆಲವು ಮಕ್ಕಳು ಲೆಕ್ಕ ಮುಗಿಸಿ ಸುಮ್ಮನೆ ಕೂತಿದ್ದರು, ಕೆಲವರು ಹೆಣಗುತ್ತಿದ್ದರು, ಯಾರಿಗೂ ತಮ್ಮ ಉತ್ತರ ಸರಿಯೋ ತಪ್ಪೋ ಆ ಕ್ಷಣಕ್ಕೆ ತಿಳಿಯುತ್ತಿರಲಿಲ್ಲ. ಪ್ರತಿ ಮಗುವಿಗೂ ತನ್ನ ವೇಗದಲ್ಲಿ ಸಣ್ಣ ಸಣ್ಣ ಹೆಜ್ಜೆ, ಪ್ರತಿ ಹೆಜ್ಜೆಗೂ ತಕ್ಷಣದ ಉತ್ತರ ಎಂಬ ತತ್ವದ ಬೋಧನಾ ಯಂತ್ರವನ್ನು ಅವರು ರೂಪಿಸಿದ್ದು ಅದರ ನಂತರ.

ಬಹುಮಾನವಿಲ್ಲದ ಕಲಿಕೆ

ಹಾಗಾದರೆ ಬಹುಮಾನವಿಲ್ಲದೆ ಕಲಿಕೆಯೇ ಇಲ್ಲವೇ? ಬರ್ಕ್ಲಿಯ ಎಡ್ವರ್ಡ್ ಟಾಲ್ಮನ್ ಮತ್ತು ಹಾನ್‌ಜಿಕ್ 1930ರಲ್ಲೇ ಇದನ್ನು ಪರೀಕ್ಷಿಸಿದ್ದರು. ಒಂದು ಗುಂಪಿನ ಇಲಿಗಳಿಗೆ ಹತ್ತು ದಿನ ಜಟಿಲದಾರಿಯ ತುದಿಯಲ್ಲಿ ಏನೂ ಇಡಲಿಲ್ಲ. ಅವು ಸುಮ್ಮನೆ ಅಲೆದವು. ಹನ್ನೊಂದನೇ ದಿನ ಆಹಾರ ಇಟ್ಟರು. ಮರುದಿನವೇ ಅವುಗಳ ತಪ್ಪುಗಳು, ಮೊದಲಿನಿಂದ ಆಹಾರ ಪಡೆಯುತ್ತಿದ್ದ ಇಲಿಗಳ ಮಟ್ಟಕ್ಕೆ ಇಳಿದವು. ಅಲೆಯುತ್ತಿದ್ದಾಗಲೇ ದಾರಿಯ ನಕ್ಷೆ ಅವುಗಳ ತಲೆಯಲ್ಲಿ ಮೂಡಿತ್ತು, ತೋರಿಸಲು ಕಾರಣವಿರಲಿಲ್ಲ ಅಷ್ಟೆ. ಇದು ಗುಪ್ತ ಕಲಿಕೆ, ಆ ಒಳನಕ್ಷೆಯೇ ಅರಿವಿನ ನಕ್ಷೆ. ವಾಟ್ಸನ್ ಬಾಗಿಲಾಚೆ ಕಳುಹಿಸಿದ್ದ ಮನಸ್ಸು ಇಲಿಯ ಹೆಗಲೇರಿ ಒಳಗೆ ಮರಳಿತು.

1961ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಶಿಶುವಿಹಾರದ 72 ಮಕ್ಕಳೊಂದಿಗೆ ಈ ಎಳೆಯನ್ನು ಮುಂದುವರಿಸಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೋಬೊ ಗೊಂಬೆಯನ್ನು ಗುದ್ದಿ, ಸುತ್ತಿಗೆಯಿಂದ ಬಡಿಯುವುದನ್ನು ಕೆಲವು ಮಕ್ಕಳು ನೋಡಿದರು. ಆಮೇಲೆ ಗೊಂಬೆಯ ಜೊತೆ ಬಿಟ್ಟಾಗ ಅವೇ ಏಟು, ಅವೇ ಮಾತು ಅವರಿಂದ ಬಂದವು. ಯಾರೂ ಬಹುಮಾನ ಕೊಟ್ಟಿರಲಿಲ್ಲ, ನೋಡಿದ್ದೇ ಸಾಕಾಗಿತ್ತು. 1965ರ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಗೊಂಬೆಗೆ ಹೊಡೆದವರಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅದನ್ನು ಕಡಿಮೆ ಅನುಕರಿಸಿದರು. ಕಂಡದ್ದನ್ನು ಮಾಡಿ ತೋರಿಸಿದರೆ ಉಡುಗೊರೆ ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಕಲಿತದ್ದು ಬೇರೆ, ಮಾಡಿ ತೋರುವುದು ಬೇರೆ. ಟಾಲ್ಮನ್ ಇಲಿಗಳಲ್ಲಿ ಕಂಡದ್ದನ್ನೇ ಬಂಡೂರ ಮಕ್ಕಳಲ್ಲಿ ಕಂಡರು. ಗಮನ, ಧಾರಣೆ, ಪುನರುತ್ಪಾದನೆ, ಪ್ರೇರಣೆ ಎಂಬ ನಾಲ್ಕು ಹಂತಗಳು ಈ ಕೆಲಸದ ಸಾರ.

ಓದುವವರಿಗೆ, ಮುಂದೆ ಕಲಿಸುವವರಿಗೆ

ಹೀಗೆ ನೋಡಿದರೆ ಪ್ರತಿ ಸಿದ್ಧಾಂತಕ್ಕೂ ಮೂರು ಪ್ರಶ್ನೆ ಕೇಳಬಹುದು. ಇವರು ಕಂಡದ್ದೇನು? ವಿವರಿಸಲಾಗದೆ ಬಿಟ್ಟದ್ದೇನು? ಅದನ್ನು ಎತ್ತಿಕೊಂಡವರು ಯಾರು? ಸನ್ನಿವೇಶದ ಪ್ರಶ್ನೆ ಬಂದಾಗಲೂ ಕೀಲಿ ಇಲ್ಲೇ ಸಿಗುತ್ತದೆ. ಪ್ರಚೋದನೆ ಮೊದಲು ಬಂದು ಪ್ರತಿಕ್ರಿಯೆ ತಾನಾಗಿ ಹೊಮ್ಮಿದರೆ ಪಾವ್ಲೋವ್, ಮಗು ತಾನಾಗಿ ಮಾಡಿದ್ದಕ್ಕೆ ಫಲ ಬಂದು ಅದು ಹೆಚ್ಚಿದರೆ ಸ್ಕಿನ್ನರ್, ಸಂಬಂಧ ಒಮ್ಮೆಗೇ ಹೊಳೆದರೆ ಕೊಹ್ಲರ್, ಇನ್ನೊಬ್ಬರನ್ನು ನೋಡಿ ಬಂದರೆ ಬಂಡೂರ. ಓದುವ ಕ್ರಮವನ್ನೂ ಇವರೇ ಕೊಟ್ಟಿದ್ದಾರೆ. ಒಂದೇ ರಾತ್ರಿ ರಾಶಿ ಹಾಕದೆ ದಿನಗಳಿಗೆ ಹಂಚಿ ಓದುವುದು, ಉತ್ತರವನ್ನು ಆಗಲೇ ತಾಳೆ ನೋಡುವುದು, ಅರ್ಥ ಹಿಡಿದು ಓದುವುದು.

ಇದನ್ನು ಓದುತ್ತಿರುವ ಬಹಳಷ್ಟು ಮಂದಿ ನಾಳೆ ತರಗತಿಗೆ ಹೋಗುವವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಹೇಳುವ ಬಹಳ ಮೊದಲೇ ಈ ವಿಜ್ಞಾನ ಅದಕ್ಕೆ ಕಾರಣ ಕೊಟ್ಟಿತ್ತು. ಶಿಕ್ಷೆಯ ಬಲ ಕಡಿಮೆಯೆಂದು ಥಾರ್ನ್‌ಡೈಕ್ ತಮ್ಮ ನಿಯಮ ತಿದ್ದಿದರು, ಸ್ಕಿನ್ನರ್ ಅದೇ ಮಾತನ್ನು ಮುಂದುವರಿಸಿದರು, ಹೆದರಿದ ಮಗುವಿನ ಹತ್ತಿರ ಹೇಗೆ ಹೋಗಬೇಕೆಂದು ಮೇರಿ ಕವರ್ ಜೋನ್ಸ್ ಮಾಡಿ ತೋರಿಸಿದರು. ಪರೀಕ್ಷೆಯಲ್ಲಿ ಈ ಹೆಸರುಗಳಿಗೆ ಒಂದೊಂದು ಅಂಕವಿದೆ. ಬಡ್ತಿ, ವರ್ಗಾವಣೆಗಳ ನಡುವೆ ಆ ಅಂಕಗಳು ಮರೆತುಹೋದ ಮೇಲೂ ಶಿಕ್ಷಕರ ನಡತೆಯಲ್ಲಿ ಉಳಿಯಬೇಕಾದದ್ದು ಒಂದೇ: ಗಣಿತವನ್ನೋ ಕನ್ನಡವನ್ನೋ ಕಲಿಯುತ್ತಿರುವಾಗ ಮಗು ಅದರ ಜೊತೆಗೆ ಆ ವಿಷಯದ ಭಯವನ್ನೋ ಪ್ರೀತಿಯನ್ನೋ ಕೂಡ ಕಲಿಯುತ್ತಿರುತ್ತದೆ, ಮತ್ತು ಎರಡರಲ್ಲಿ ಯಾವುದನ್ನು ಕಲಿಯುತ್ತದೆ ಎಂಬುದು ಬಹುಮಟ್ಟಿಗೆ ಕಲಿಸುವವರ ಕೈಯಲ್ಲಿದೆ.